ತೀರ್ಪನ್ನು ಓದಿದವರು

ಜೆರೋಮ್ ಕೋಹೆನ್ ಚೀನೀ ಭಾಷೆ ಕಲಿಯಲು ಕೂತದ್ದು 1960ರ ಆಗಸ್ಟ್ 15ರಂದು, ಬೆಳಿಗ್ಗೆ ಒಂಬತ್ತು ಗಂಟೆಗೆ. ನಮ್ಮ ಸ್ವಾತಂತ್ರ್ಯದ ದಿನವಾದ್ದರಿಂದ ಆ ತಾರೀಕು ನನಗೆ ಮರೆಯುವುದಿಲ್ಲ. ಅವರಿಗಂತೂ ಗಂಟೆಯ ಸಮೇತ ನೆನಪಿತ್ತು. ಆಗ ಅವರಿಗೆ ಮೂವತ್ತು ವರ್ಷ. ಯೇಲ್‌ನಲ್ಲಿ ಕಾನೂನು ಓದಿ, ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಅರ್ಲ್ ವಾರನ್, ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರಂಥ ನ್ಯಾಯಮೂರ್ತಿಗಳ ಕೈಕೆಳಗೆ ಕೆಲಸ ಮಾಡಿ, ಬರ್ಕ್ಲಿಯಲ್ಲಿ ಪಾಠ ಹೇಳುತ್ತಿದ್ದವರು. ಮುಂದಿನ ದಾರಿ ಹಾಸಿಟ್ಟ ಹಾಗಿತ್ತು. ಅದನ್ನು ಬಿಟ್ಟು, ಅಮೆರಿಕನ್ನರು ಕಾಲಿಡಲಾಗದ ದೇಶದ ಕಾನೂನು ಓದುತ್ತೇನೆಂದು ಹೊರಟರೆ ಜನ ಏನಂದಾರು? ಹುಚ್ಚೆಂದರು. ಚೀನಾದಲ್ಲಿ ಕಾನೂನು ಅಂತ ಒಂದು ಇದ್ದರಲ್ಲವೇ ಓದುವುದು ಎಂದು ನಕ್ಕರು.

2025ರ ಸೆಪ್ಟೆಂಬರ್‌ನಲ್ಲಿ ಕೋಹೆನ್ 95ನೇ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಬಂತು. ಅವತ್ತು ರಾತ್ರಿ ಬಚ್ಚಲ ಒಲೆಯ ಮುಂದೆ ಕೂತು, ಕಾನೂನು ಓದುತ್ತಿರುವ ತಂಗಿಯ ಮಗಳಿಗೆ ಈ ಕಥೆ ಹೇಳತೊಡಗಿದೆ. ರಾಜ್ಯಶಾಸ್ತ್ರದ ಮೇಷ್ಟರಾಗಿದ್ದವರಿಗೆ ಕೇಳುವ ಕಿವಿಯೊಂದು ಸಿಕ್ಕರೆ ಸಾಕು, ಗಂಟೆ ಹೊಡೆದರೂ ಪಾಠ ನಿಲ್ಲುವುದಿಲ್ಲ.

ಚೀನಾದ ಒಳಗೆ ಬಿಡದಿದ್ದರೆ ಬಾಗಿಲಲ್ಲೇ ಕೂರುವುದು ಎಂದುಕೊಂಡು ಕೋಹೆನ್ 1963ರಲ್ಲಿ ಹಾಂಗ್‌ಕಾಂಗ್‌ಗೆ ಹೋದರು. ಗಡಿ ದಾಟಿ ಓಡಿಬಂದವರು ಅಲ್ಲಿ ತುಂಬಿಕೊಂಡಿದ್ದರು. ಪೊಲೀಸ್ ಆಗಿದ್ದವನು, ಜೈಲು ಕಂಡವನು, ಬೀದಿ ಸಮಿತಿಯ ಸಭೆಯಲ್ಲಿ ತಲೆ ತಗ್ಗಿಸಿ ನಿಂತವನು, ಹೀಗೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು: ನಿನ್ನನ್ನು ಹಿಡಿದವರು ಯಾರು, ಆಮೇಲೆ ಏನು ಮಾಡಿದರು, ಶಿಕ್ಷೆ ಎಷ್ಟೆಂದು ತೀರ್ಮಾನಿಸಿದವರು ಯಾರು? ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಮುಗಿದುಹೋಗುವ ಶಿಕ್ಷೆಗಳ ಇಡೀ ಲೋಕವೊಂದು ಹಾಗೆ ಬೆಳಕಿಗೆ ಬಂತು. ಹಾರ್ವರ್ಡ್ ಸೇರಿದ ಮೇಲೆ, 1968ರಲ್ಲಿ, ಚೀನಾದ ಅಪರಾಧ ವಿಚಾರಣೆಯ ಬಗ್ಗೆ ಅವರ ದಪ್ಪ ಪುಸ್ತಕ ಹೊರಬಂತು. ಆ ವ್ಯವಸ್ಥೆಯ ಉಸಿರಿನಂಥ ಮಾತೊಂದಿತ್ತು: ತಪ್ಪೊಪ್ಪಿದವನಿಗೆ ರಿಯಾಯಿತಿ, ಎದುರುನಿಂತವನಿಗೆ ಕಠಿಣ ಶಿಕ್ಷೆ. ಚೀನಾದ ಪೊಲೀಸ್ ಠಾಣೆಗೆ ಹೋದವರಿಗೆಲ್ಲ ಅದು ಬಾಯಿಪಾಠ.

“ಇದನ್ನು ನೆನಪಿಟ್ಟುಕೋ, ಆಮೇಲೆ ಬೇಕಾಗುತ್ತದೆ” ಎಂದೆ ಅವಳಿಗೆ.

ಈಗ ಕಥೆಯ ಇನ್ನೊಂದು ಕವಲು. 1951ರಲ್ಲಿ ಯೇಲ್‌ನಲ್ಲಿ ಕೋಹೆನ್ ಜೊತೆ ಪದವಿ ಪಡೆದವರಲ್ಲಿ ಜಾಕ್ ಡೌನಿ ಎಂಬ ಹುಡುಗನಿದ್ದ. ಕೊರಿಯಾ ಯುದ್ಧದ ಕಾಲ. ಸಿಐಎ ಕಾಲೇಜಿಗೇ ಬಂದು ಹುಡುಗರನ್ನು ಆರಿಸಿಕೊಳ್ಳುತ್ತಿತ್ತು, ಡೌನಿ ಸೇರಿದ. 1952ರ ನವೆಂಬರ್ 29ರ ರಾತ್ರಿ ಅವನೂ ರಿಚರ್ಡ್ ಫೆಕ್ಟೋ ಎಂಬ ಇನ್ನೊಬ್ಬನೂ ಸಿ-47 ವಿಮಾನದಲ್ಲಿ ಮಂಚೂರಿಯಾದ ಮೇಲೆ ಹಾರಿದರು. ಹಿಂದೆ ಇಳಿಸಿದ್ದ ಗೂಢಚಾರನೊಬ್ಬನನ್ನು ನೆಲದಿಂದ ಮೇಲೆತ್ತಿಕೊಂಡು ಬರಬೇಕಿತ್ತು. ಎರಡು ಕಂಬ ನೆಟ್ಟು ನಡುವೆ ಹಗ್ಗ ಕಟ್ಟುವುದು, ಹಗ್ಗದ ತುದಿಗೆ ಮನುಷ್ಯ, ವಿಮಾನ ತಗ್ಗಿ ಹಾರುತ್ತಾ ಕೊಕ್ಕೆಯಲ್ಲಿ ಹಗ್ಗ ಸಿಕ್ಕಿಸಿಕೊಂಡು ಅವನನ್ನು ಎಳೆದುಕೊಳ್ಳುವುದು. ಕೇಳಿದರೆ ಸರ್ಕಸ್ಸು ಅನಿಸುತ್ತದೆ. ಆದರೆ ಕೆಳಗಿದ್ದವರು ಆಗಲೇ ಚೀನೀಯರ ಕೈಗೆ ಸಿಕ್ಕಿದ್ದರು. ವಿಮಾನ ತಗ್ಗಿದ್ದೇ ತಡ ಗುಂಡಿನ ಮಳೆ. ಪೈಲಟ್‌ಗಳಿಬ್ಬರೂ ಸತ್ತರು, ಇವರಿಬ್ಬರೂ ಸೆರೆಸಿಕ್ಕರು. ಡೌನಿಗೆ ಆಗ 22.

ಎರಡು ವರ್ಷ ಚೀನಾ ಬಾಯಿ ಬಿಡಲಿಲ್ಲ. ಅಮೆರಿಕ ಇಬ್ಬರೂ ಸತ್ತಿರಬೇಕೆಂದು ಮನೆಯವರಿಗೆ ತಿಳಿಸಿತು. 1954ರ ನವೆಂಬರ್‌ನಲ್ಲಿ ಬೀಜಿಂಗ್ ತೀರ್ಪು ಪ್ರಕಟಿಸಿತು: ಬೇಹುಗಾರಿಕೆಗಾಗಿ ಡೌನಿಗೆ ಜೀವಾವಧಿ, ಫೆಕ್ಟೋಗೆ 20 ವರ್ಷ. ವಾಷಿಂಗ್ಟನ್ ಏನು ಹೇಳಿತು ಗೊತ್ತೇ? ಇವರು ಸೇನೆಯ ಸಿವಿಲ್ ನೌಕರರು, ಕೊರಿಯಾದಿಂದ ಜಪಾನಿಗೆ ಹೋಗುತ್ತಿದ್ದಾಗ ಕಣ್ಮರೆಯಾದವರು, ಚೀನಾ ಹೇಳುವುದೆಲ್ಲ ಕಟ್ಟುಕಥೆ ಎಂದಿತು. ಆ ಮಾತಿಗೆ ಅದು 18 ವರ್ಷ ಅಂಟಿಕೊಂಡಿತು.

ಕೋಹೆನ್ ಅವರ ಓದು ಕೆಲಸಕ್ಕೆ ಬಂದದ್ದು ಇಲ್ಲಿ. ಕಮ್ಯುನಿಸ್ಟರ ಕೋರ್ಟಿನ ಕಾಗದವೆಂದರೆ ಆ ಕಾಲದ ಅಮೆರಿಕನ್ ಪಂಡಿತರು ಪ್ರಚಾರವೆಂದು ಬದಿಗಿಡುತ್ತಿದ್ದರು. ಕೋಹೆನ್ ಅದನ್ನು ತೀರ್ಪಿನಂತೆಯೇ ಓದಿದರು: ಆರೋಪ ಏನು, ಸಾಕ್ಷ್ಯ ಏನು, ಇಬ್ಬರಿಗೆ ಬೇರೆಬೇರೆ ಶಿಕ್ಷೆ ಏಕೆ? 1971ರ ಜುಲೈ ಮೊದಲ ವಾರದಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ತಮ್ಮ ಸಹಪಾಠಿಯ ಬಗ್ಗೆ ಬರೆದು, ಸರ್ಕಾರ ನಿಜ ಒಪ್ಪಿಕೊಳ್ಳಲಿ ಎಂದರು. ಅದೇ ದಿನಗಳಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಸಲಹೆಗಾರ ಹೆನ್ರಿ ಕಿಸಿಂಜರ್ ಯಾರಿಗೂ ಹೇಳದೆ ಪಾಕಿಸ್ತಾನದ ದಾರಿಯಾಗಿ ಬೀಜಿಂಗ್‌ಗೆ ಹಾರಿದ್ದು. ಚೀನಾದೊಡನೆ ಗುಟ್ಟಾಗಿ ಮಾತು ಶುರುಮಾಡಿ ಎಂದು 1968ರಲ್ಲೇ, ನಿಕ್ಸನ್ ಆಗಷ್ಟೇ ಗೆದ್ದಿದ್ದಾಗ, ಬರೆದುಕೊಟ್ಟ ವಿದ್ವಾಂಸರ ಗುಂಪಿನ ಮುಂದಾಳೂ ಕೋಹೆನ್ನರೇ.

ಆಮೇಲೆ ಎಲ್ಲ ಬೇಗಬೇಗ ನಡೆಯಿತು. 1971ರ ಡಿಸೆಂಬರ್‌ನಲ್ಲಿ ಫೆಕ್ಟೋ ಬಿಡುಗಡೆ. 1972ರ ಫೆಬ್ರವರಿಯಲ್ಲಿ ನಿಕ್ಸನ್ ಚೀನಾಕ್ಕೆ. ಅದೇ ವರ್ಷ ಜೂನ್‌ನಲ್ಲಿ ಕೋಹೆನ್ ಕೂಡ, ಹನ್ನೆರಡು ವರ್ಷ ಓದಿದ ದೇಶವನ್ನು ಮೊದಲ ಸಲ ಕಂಡು, ಪ್ರಧಾನಿ ಝೌ ಎನ್‌ಲೈ ಜೊತೆ ಊಟಕ್ಕೆ ಕೂತರು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ನೀವೂ ಒಬ್ಬ ನ್ಯಾಯಾಧೀಶರನ್ನು ಕಳಿಸಬಾರದೇ ಎಂದು ಅವರು ಕೇಳಿದಾಗ ಚೀನೀಯರು ನಕ್ಕರು. 1985ರಲ್ಲಿ ಚೀನಾದ ನೀ ಝೆಂಗ್ಯು ಅದೇ ಪೀಠದಲ್ಲಿ ಕೂತರು ಎನ್ನುವುದನ್ನು ನಾನು ಯಾವತ್ತೂ ಹೇಳದೆ ಬಿಡುವುದಿಲ್ಲ.

1973ರ ಜನವರಿ 31ರಂದು ಪತ್ರಿಕಾಗೋಷ್ಠಿಯಲ್ಲಿ ಕೈದಿಗಳ ಪ್ರಶ್ನೆ ಬಂದಾಗ, ಡೌನಿಯದು ಬೇರೆ ಪ್ರಕರಣ, ಅವನು ಸಿಐಎಯವನು ಎಂದು ನಿಕ್ಸನ್ ಹೇಳಿಬಿಟ್ಟರು. ಅಷ್ಟೇ, ಒಂದು ವಾಕ್ಯ. ಮಾರ್ಚ್‌ನಲ್ಲಿ ಡೌನಿಯ ತಾಯಿಗೆ ಪಾರ್ಶ್ವವಾಯು ಹೊಡೆಯಿತು, ನಿಕ್ಸನ್ ಝೌ ಅವರಲ್ಲಿ ಕೇಳಿಕೊಂಡರು, ಮಾರ್ಚ್ 12ರಂದು ಡೌನಿ ಲೋ ವೂ ಸೇತುವೆ ದಾಟಿ ಹಾಂಗ್‌ಕಾಂಗ್‌ಗೆ ನಡೆದುಬಂದ. ಬಿಡುಗಡೆಗೆ ತಾಯಿಯ ಕಾಯಿಲೆ ಕಾರಣವೆಂದು ಬರೆದವರುಂಟು. ಅದು ನೆಪ ಎನ್ನುತ್ತೇನೆ ನಾನು. ಆ ತಾಯಿಯನ್ನು 1958ರಲ್ಲೇ ಜೈಲಿಗೆ ಬಂದು ಮಗನನ್ನು ನೋಡಲು ಚೀನಾ ಬಿಟ್ಟಿತ್ತು. ಮಗನನ್ನು ಮಾತ್ರ ಬಿಡಲಿಲ್ಲ. ನಡುವೆ ಬದಲಾದದ್ದರಲ್ಲಿ ಎರಡು ದೇಶಗಳ ಸ್ನೇಹ ಒಂದು, ಆ ವಾಕ್ಯ ಇನ್ನೊಂದು. ತಪ್ಪೊಪ್ಪಿದವನಿಗೆ ರಿಯಾಯಿತಿ ಎಂಬ ಠಾಣೆಯ ಮಾತನ್ನು ಕೊನೆಗೆ ಪಾಲಿಸಿದ್ದು ಕೈದಿಯಲ್ಲ, ಅವನ ಸರ್ಕಾರ. ಕೈದಿ ಒಪ್ಪಿ ಆಗಲೇ 20 ವರ್ಷವಾಗಿತ್ತು!

ಇಲ್ಲಿಗೆ ಬಂದಾಗ ಹುಡುಗಿ ತಡೆದಳು.

“ಮಾವ, ಅವನು ನಿಜವಾಗಿಯೂ ಬೇಹುಗಾರನೇ ಅಲ್ಲವಾ? ಹಾಗಾದರೆ ಚೀನಾದ ತೀರ್ಪು ಸರಿ ಅಂತಾಯ್ತು.”

“ಆರೋಪ ನಿಜ ಕಣೆ. ವಿಚಾರಣೆ ನ್ಯಾಯದ್ದಲ್ಲ” ಎಂದೆ. ತಿಂಗಳುಗಟ್ಟಲೆ ಕಾಲಿಗೆ ಸಂಕೋಲೆ ಹಾಕಿ, ನಿದ್ದೆಗೆಡಿಸಿ ಹೊರಡಿಸಿದ ತಪ್ಪೊಪ್ಪಿಗೆ, ಮುಚ್ಚಿದ ಬಾಗಿಲ ಹಿಂದೆ ಸೇನೆಯ ನ್ಯಾಯಪೀಠ. ಆರೋಪ ನಿಜ, ವಿಚಾರಣೆ ಅನ್ಯಾಯದ್ದು ಎಂಬ ಎರಡನ್ನೂ ಒಂದೇ ಉಸಿರಲ್ಲಿ ಹೇಳಲು ಎದೆ ಬೇಕು. ಅಮೆರಿಕದಲ್ಲಿ ಹೇಳಿದರೆ ಚೀನಾದ ಪರ ಎನ್ನುತ್ತಾರೆ, ಚೀನಾದಲ್ಲಿ ಹೇಳಿದರೆ ವೈರಿ ಎನ್ನುತ್ತಾರೆ. ಕೋಹೆನ್ ಎರಡೂ ಬೈಗುಳ ತಿಂದವರು. ಮುಂದೆ 1979ರಲ್ಲಿ ಬೀಜಿಂಗ್‌ಗೆ ಹೋಗಿ ಅಲ್ಲಿನ ಅಧಿಕಾರಿಗಳಿಗೆ ಕಾನೂನು ಕಲಿಸಿದವರೂ ಅವರೇ, 2012ರಲ್ಲಿ ಗೃಹಬಂಧನದಿಂದ ಗೋಡೆ ಹಾರಿ ಓಡಿದ ಅಂಧ ಹೋರಾಟಗಾರ ಚೆನ್ ಗ್ವಾಂಗ್‌ಚೆಂಗ್‌ಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ದಾರಿ ತೋರಿದವರೂ ಅವರೇ.

ಡೌನಿ? ಅವನು ಹಾರ್ವರ್ಡ್‌ನಲ್ಲಿ ಕಾನೂನು ಓದಿ, ತನಗಿಂತ ಇಪ್ಪತ್ತು ವರ್ಷ ಚಿಕ್ಕವರ ಪಕ್ಕ ಕೂತು 1976ರಲ್ಲಿ ಪದವಿ ಪಡೆದ. ಮಂಚೂರಿಯಾದಲ್ಲಿ ಹುಟ್ಟಿದ ಚೀನೀ ಮೂಲದ ಹೆಣ್ಣನ್ನು ಮದುವೆಯಾದ. ಕನೆಕ್ಟಿಕಟ್‌ನಲ್ಲಿ ನ್ಯಾಯಾಧೀಶನಾಗಿ, ದಾರಿ ತಪ್ಪಿದ ಮಕ್ಕಳ ಮೊಕದ್ದಮೆಗಳನ್ನು ಕೇಳಿದ. 2014ರಲ್ಲಿ ತೀರಿಕೊಂಡ.

“ಅಮೆರಿಕ ಮೊದಲೇ ಒಪ್ಪಿಕೊಂಡಿದ್ದರೆ ಅವನನ್ನು ಯಾವಾಗ ಬಿಡುತ್ತಿದ್ದರು?” ಅಂದಳು ಅವಳು.

ಅದಕ್ಕೆ ಲೆಕ್ಕ ಹಾಕಲಾಗದು. ಆದರೆ 1955ರ ಜನವರಿಯಲ್ಲಿ ವಿಶ್ವಸಂಸ್ಥೆಯ ಹ್ಯಾಮರ್‌ಶೋಲ್ಡ್ ಅಮೆರಿಕದ ಕೈದಿಗಳಿಗಾಗಿ ಬೀಜಿಂಗ್‌ಗೆ ಹೋಗಿದ್ದರು. ಮೇ ತಿಂಗಳಲ್ಲಿ ನಮ್ಮ ಕೃಷ್ಣ ಮೆನನ್ ಹೋದರು, ನಾಲ್ವರು ವಿಮಾನ ಸೈನಿಕರು ಹೊರಬಂದರು. ಆಗಸ್ಟ್‌ನಲ್ಲಿ ಇನ್ನೂ ಹನ್ನೊಂದು ಮಂದಿ ಬಂದರು. ಅವರೆಲ್ಲ ಸಮವಸ್ತ್ರದವರು, ಅವರ ಸರ್ಕಾರ ಅವರನ್ನು ತನ್ನವರೆಂದು ಹೇಳಿಕೊಂಡಿತ್ತು. ಇಷ್ಟನ್ನೇ ಹೇಳಿದೆ. ಲೆಕ್ಕ ಅವಳೇ ಹಾಕಿಕೊಂಡಳು: 1955ರಲ್ಲಿ ಡೌನಿಗೆ 25, ಸೇತುವೆ ದಾಟುವಾಗ 42.