ಕೆಂಪು ಅಳೆಯೋದು ನೀಲಿ ಬೆಳಕು! (ಭಾಗ 3)

ದೋಸ್ತರ, ಇವತ್ತು ಲೆಡ್ಜರ್ ಬ್ಯಾಡ, ಮೆಣಸಿನಕಾಯಿ ಲೆಕ್ಕ ನೋಡೋಣ 🌶️

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡೆ ಎರಿ ಹೊಲದಾಗ ಬೆಳೆಯೋ ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕ ಹೆಸರುವಾಸಿ. ಇದಕ್ಕ 2011ರಾಗ ಜಿಐ ಟ್ಯಾಗ್ ಸಿಕ್ಕೈತಿ. ಇದರಿಂದ ತೆಗೆದ ಬಣ್ಣ ತಿಂಡಿಗೂ ಹೋಗ್ತೈತಿ, ಲಿಪ್‌ಸ್ಟಿಕ್‌ಗೂ ಹೋಗ್ತೈತಿ.

ಮಾರ್ಕೆಟ್ಟಿನಾಗ ಕಾಯಿ ಮುರಿದು, ಕಣ್ಣಿಲೆ ನೋಡಿ ರೇಟು ಹೇಳ್ತಾರ. ಬಣ್ಣ ತೆಗೆಯೋ ಫ್ಯಾಕ್ಟರಿ ಲ್ಯಾಬಿನಾಗ ಮಾತ್ರ ಸ್ಪೆಕ್ಟ್ರೋಫೋಟೋಮೀಟರಿಂದ ಅಳೀತಾರ. ಹೆಸರಿಗೆ ಹೆದರಬ್ಯಾಡ್ರಿ, ಅದು ಮಾಡೋದು ಮೂರೇ ಕೆಲಸ 👇

1️⃣ ಬೆಳಕು ಬಿಡಿಸೋದು. ಹಳೇ ಸಿಡಿಯನ್ನ ಬಿಸಿಲಿಗೆ ಹಿಡೀರಿ, ಕಾಮನಬಿಲ್ಲು ಕಾಣತೈತಿ. ಅದರ ಮ್ಯಾಲಿನ ಸಣ್ಣ ಗೆರಿಗಳು ಬಿಳಿ ಬೆಳಕನ್ನ ಬಣ್ಣ ಬಣ್ಣವಾಗಿ ಬಿಡಿಸ್ತಾವ. ಯಂತ್ರದೊಳಗೂ ಅಂಥದೇ ಗೆರಿ ಪಟ್ಟಿ ಇರತೈತಿ.

2️⃣ ಒಂದೇ ಬಣ್ಣ ಆರಿಸೋದು. ಮೆಣಸಿನಕಾಯಿಗೆ 460 ನ್ಯಾನೋಮೀಟರ್, ಅಂದ್ರ ನೀಲಿ. ಕೆಂಪು ಅಳೆಯಾಕ ನೀಲಿ ಯಾಕ? ಕಾಯಿಯೊಳಗಿನ ಕ್ಯಾಪ್ಸಾಂಥಿನ್‌ನಂಥ ಬಣ್ಣದ ಅಂಶಗಳು ನೀಲಿಯನ್ನ ಹೀರಿಕೊಳ್ತಾವ. ಉಳಿದ ಕೆಂಪು ನಮ್ಮ ಕಣ್ಣಿಗೆ ಬರತೈತಿ. ಎಷ್ಟು ನೀಲಿ ಹೀರಿತೋ ಅಷ್ಟು ಬಣ್ಣ ಐತಿ ಅಂತ ಅರ್ಥ.

3️⃣ ದಾಟಿ ಬಂದ ಬೆಳಕು ಅಳೆಯೋದು. 100ರಾಗ 10 ಪಾಲು ದಾಟಿದ್ರ ಹೀರಿಕೆ 1. ಒಂದೇ ಪಾಲು ದಾಟಿದ್ರ 2. ನಾವು ಪಿಯುಸಿಯಾಗ ಬೈಕೊಂತ ಕಲಿತ ಲಾಗ್ ಇದೇ 😅

ಈಗ ಲೆಕ್ಕ. 0.1 ಗ್ರಾಂ ಪುಡಿಯನ್ನ 100 ಮಿಲಿ ಅಸಿಟೋನ್‌ನಾಗ ಹಾಕಿ, 16 ತಾಸು ಕತ್ತಲಾಗ ಇಡ್ತಾರ. ಬರೇ ಅಸಿಟೋನನ್ನ ಸೊನ್ನೆ ಅಂತ ಹಿಡಿದು ಇದನ್ನ ಅಳೀತಾರ. ಹೀರಿಕೆ 0.8 ಬಂತು ಅನ್ಕೊಳ್ರಿ:

0.8 × 16.4 ÷ 0.1 = 131.2

ಇದಕ್ಕ ಆಸ್ಟಾ ಅಂಕ ಅಂತಾರ. ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ ಅಳತೆ ಇದು. ಖಾರದ ಅಂಶಕ್ಕ ಬಣ್ಣಾನೇ ಇಲ್ಲ, ಹಂಗಾಗಿ ಖಾರ ಇದರಾಗ ಲೆಕ್ಕಕ್ಕ ಬರಂಗಿಲ್ಲ.

ಇದೆಲ್ಲಾ ಯಾಕ ಬರದೆ ಅಂದ್ರ, ಹೋದ ವರ್ಷ ನಮ್ಮ ಚೀಲ ಬಿಚ್ಚಿದ ಕೂಡಲೇ ಒಬ್ಬರು "ಬಣ್ಣ ಕಮ್ಮಿ ಐತಿ" ಅಂದ್ರು. ರೇಟು ಇಳೀತು. ಎಷ್ಟು ಕಮ್ಮಿ? ಅಪ್ಪ ಕೇಳಿದ್ರು, ಅವರು ಹೇಳಲಿಲ್ಲ. ಆ ಚೀಲದಾಗ ನನ್ನ ಫೀಸು ಇತ್ತು.

ತೂಕಕ್ಕ ಇಬ್ಬರಿಗೂ ಕಾಣೋ ತಕ್ಕಡಿ ಐತಿ. ಬಣ್ಣದ ಅಂಕ ಮಾತ್ರ ಕೊಳ್ಳೋರ ಕಡೆ ಉಳಿದ್ರ, ಮಾರೋರು ಚೌಕಾಸಿ ಮಾಡೋದು ಯಾವುದರ ಮ್ಯಾಲೆ? ಬೆಳೆದವರ ಕೈಯಾಗೂ ಒಂದು ಚೀಟಿ ಇರಬೇಕು. ನಾಲ್ಕು ಮನಿಯವರು ಕೂಡಿ ಸ್ಯಾಂಪಲ್ ಟೆಸ್ಟ್ ಮಾಡಿಸಿದ್ರ ಖರ್ಚು ಹಂಚಿ ಹೋಗತೈತಿ.

ಅಲ್ಲೀತನಕ ಇಷ್ಟು ಮಾಡ್ರಿ: ಒಣಗಿದ ಮ್ಯಾಲೆ ಕಾಯಿ ಮಾಳಿಗಿ ಮ್ಯಾಲೆ ಬಿಡಬ್ಯಾಡ್ರಿ. ಬೆಳಕು, ಬಿಸಿ ಎರಡೂ ಬಣ್ಣ ತಿಂತಾವ. ಕೋಲ್ಡ್ ಸ್ಟೋರೇಜ್‌ನಾಗ ಇಡೋದು ಅದಕ್ಕ.

ನಿಮ್ಮ ಮನ್ಯಾಗ ಯಾರಾದ್ರೂ ಟೆಸ್ಟ್ ಮಾಡಿಸ್ಯಾರಾ? ಎಷ್ಟು ಅಂಕ ಬಂತು? ಕಾಮೆಂಟಿನಾಗ ಹಾಕ್ರಿ. ಮೆಣಸಿನಕಾಯಿ ಬೆಳೆಯೋ ದೋಸ್ತಗ ಕಳಸ್ರಿ 🙏

#ಗದಗಬೆಟಗೇರಿ #ಬ್ಯಾಡಗಿಮೆಣಸಿನಕಾಯಿ #ಬಿಕಾಂಲೆಕ್ಕ