ಚಾರ್ಮಾಡಿ: ಹಿಂದಿನ ಸೀಟಿನಿಂದ ಕಂಡಂತೆ

ಚಾರ್ಮಾಡಿ ಘಾಟಿಯ ಬಗ್ಗೆ ಬರೆದವರು ಹೆಚ್ಚಾಗಿ ಬಸ್ಸಿನ ಕಿಟಕಿಯಿಂದ ನೋಡಿದವರು ಅಥವಾ ಬೈಕಿನ ಹ್ಯಾಂಡಲ್ ಹಿಡಿದವರು. ಅವರ ಬೆನ್ನ ಹಿಂದೆ ಕುಳಿತ ಹೆಂಗಸರ ಮಾತು ಯಾರೂ ಕೇಳಿದಂತಿಲ್ಲ. ನನ್ನ ಮನೆ ಬೆಳ್ತಂಗಡಿ ಕಡೆ, ತವರು ಮೂಡಿಗೆರೆ ಕಡೆ. ಹಾಗಾಗಿ ಈ ದಾರಿಯನ್ನು ಎಲ್ಲಾ ಕಾಲಗಳಲ್ಲೂ ಹಿಂದಿನ ಸೀಟಿನಲ್ಲಿ ಕುಳಿತು ಹತ್ತಿಳಿದಿದ್ದೇನೆ.

ಮಳೆಗಾಲದ್ದೇ ದೊಡ್ಡ ಕಥೆ. ಜೂನ್‌ನ ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ಧೂಳು ಸೇರಿ ಡಾಂಬರು ಜಾರುತ್ತದೆ. ಜೋರು ಮಳೆಗಿಂತ ಈ ತುಂತುರೇ ಅಪಾಯ. ಆಮೇಲೆ ಮಂಜು. ತಿರುವಿನಲ್ಲಿ ಎದುರಿನ ವಾಹನ ಕಾಣುವ ಮೊದಲು ಅದರ ಹಾರ್ನ್ ಕೇಳುತ್ತದೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ದಾರಿಯೇ ಮುಚ್ಚಿಹೋಗಿತ್ತು. ಆ ನಂತರ ಜಿಟಿಜಿಟಿ ಮಳೆಯ ದಿನ ಹೊರಟರೆ ಪ್ರಯಾಣದ ದುಆವನ್ನು ಅರ್ಥ ಯೋಚಿಸಿಯೇ ಓದುತ್ತೇನೆ.

ಆದರೆ ಬಂಡೆಗಳ ಮೇಲಿಂದ ಸುರಿಯುವ ನೀರು, ಮುಖಕ್ಕೆ ಎರಚುವ ಹನಿ! ಮಳೆ ಬಂದಾಗ ಪ್ರವಾದಿಯವರು(ಸ) ಮೈಮೇಲಿನ ವಸ್ತ್ರ ಸ್ವಲ್ಪ ಸರಿಸಿ ಹನಿ ತಾಗುವಂತೆ ಮಾಡುತ್ತಿದ್ದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ನನ್ನ ರೈನ್‌ಕೋಟನ್ನು ಸರಿಸುವ ಅಗತ್ಯವೇ ಇಲ್ಲ, ಕುತ್ತಿಗೆಯಿಂದ ನೀರು ತಾನಾಗಿ ಇಳಿಯುತ್ತದೆ. ಬಟ್ಟೆಗೆ ಹಾರಿದ ಕೆಸರಿನ ಬಗ್ಗೆ ಅನೇಕ ಸಹೋದರಿಯರು ಕೇಳುತ್ತಾರೆ. ತಪ್ಪಿಸಲಾಗದಷ್ಟು ತಾಗಿದ ರಸ್ತೆಯ ಕೆಸರಿಗೆ ಶಾಫಿಈ ಫಿಕ್ಹ್‌ನಲ್ಲಿ ರಿಯಾಯಿತಿ ಇದೆ. ಆದರೂ ಒಂದು ಒಣ ನಮಾಝ್ ವಸ್ತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟುಕೊಂಡರೆ ಮನಸ್ಸಿಗೆ ನಿಶ್ಚಿಂತೆ.

ನಿಜವಾದ ಭಯ ಮಳೆಯದ್ದಲ್ಲ, ಗಾಳಿಯದ್ದು. ಘಾಟಿಯ ಗಾಳಿಗೆ ಬುರ್ಖಾದ ಅಂಚು, ಶಾಲಿನ ತುದಿ ಹಾರಿ ಚಕ್ರದತ್ತ ಹೋಗುತ್ತದೆ. ಸಿಕ್ಕಿಕೊಂಡರೆ ಎಳೆದು ಬೀಳಿಸಲು ಒಂದು ಕ್ಷಣ ಸಾಕು. ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ರಕ್ಷಣೆ, ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಆಸರೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ನಮ್ಮ ಹುಡುಗರು ಚಂದ ಕಾಣುವುದಿಲ್ಲವೆಂದು ಅದನ್ನೇ ಬಿಚ್ಚಿಸುತ್ತಾರೆ! ಅಂಥ ಬೈಕಿಗೆ ತಾಯಿಯನ್ನಾಗಲಿ ಹೆಂಡತಿಯನ್ನಾಗಲಿ ಹತ್ತಿಸಬಾರದು. ಹತ್ತುವ ಮುಂಚೆ ನಾವೂ ಬಗ್ಗಿ ನೋಡಬೇಕು, ಶಾಲನ್ನು ಒಳಗೆ ಸಿಕ್ಕಿಸಬೇಕು, ಬುರ್ಖಾದ ಅಂಚನ್ನು ಮಡಚಿ ಕುಳಿತುಕೊಳ್ಳಬೇಕು. ಎರಡೂ ಬದಿಗೆ ಕಾಲು ಹಾಕಿ ಕುಳಿತರೆ ತಿರುವುಗಳಲ್ಲಿ ತೂಕ ಸಮನಾಗಿರುತ್ತದೆ. ನೋಡುವವರು ಏನೆಂದುಕೊಳ್ಳುತ್ತಾರೋ ಎಂದು ಒಂದೇ ಬದಿಗೆ ಕುಳಿತು ಘಾಟಿ ಹತ್ತುವುದು ನನಗಂತೂ ಸರಿಕಾಣುವುದಿಲ್ಲ. ಹಿಂಬದಿ ಸವಾರರಿಗೆ ಹೆಲ್ಮೆಟ್ 2016ರಿಂದ ನಮ್ಮ ರಾಜ್ಯದಲ್ಲಿ ಕಡ್ಡಾಯ. ಒಳಗೆ ತೆಳುವಾದ ಸ್ಕಾರ್ಫ್ ಇದ್ದರೆ ಅದು ಬಿಗಿಯಾಗಿ ಕೂರುತ್ತದೆ, ಪಿನ್ನುಗಳು ಮಾತ್ರ ಬೇಡ.

ಚಳಿಗಾಲದಲ್ಲಿ ಹಿಂದೆ ಕುಳಿತವರಿಗೇ ಲಾಭ. ಗಾಳಿಯೆಲ್ಲ ಇವರ ಎದೆಗೆ, ನನಗೆ ಮಂಡಿ ಮಾತ್ರ ಕೊರೆಯುತ್ತದೆ. ಕೊಟ್ಟಿಗೆಹಾರದಲ್ಲಿ ಇಳಿದು ಬಿಸಿ ನೀರ್ ದೋಸೆ ತಿಂದರೆ ಮರಗಟ್ಟಿದ ಬೆರಳಿಗೆ ಜೀವ ಬರುತ್ತದೆ, ಅಲ್‌ಹಮ್ದುಲಿಲ್ಲಾಹ್.

ಬೇಸಿಗೆಯಲ್ಲಿ ಉಜಿರೆ ದಾಟುವವರೆಗೆ ಕಪ್ಪು ಬಟ್ಟೆಯೊಳಗೆ ಬೆಂದುಹೋಗುತ್ತೇವೆ. ನಾಲ್ಕೈದು ತಿರುವು ಹತ್ತಿದ ಮೇಲೆ ಗಾಳಿ ತಣ್ಣಗಾದದ್ದು ಕೆನ್ನೆಗೆ ಗೊತ್ತಾಗುತ್ತದೆ. ಆ ದಿನಗಳಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಒಂಬತ್ತು ಹತ್ತು ದಿನಕ್ಕೆ ಕೊಟ್ಟಿಗೆಹಾರದಿಂದಾಚೆ ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳುತ್ತವೆ. ಮಲ್ಲಿಗೆಯಂಥ ಪರಿಮಳ ಹೆಲ್ಮೆಟ್ಟಿನ ಒಳಗೂ ನುಗ್ಗುತ್ತದೆ. ಹೂ ಕೆಲವೇ ದಿನಗಳಲ್ಲಿ ಬಾಡುವುದರಿಂದ ಮಾರ್ಚ್ ಬಂದರೆ ತವರಿಗೆ ಫೋನ್ ಮಾಡಿದಾಗ ಸಲಾಮ್ ಹೇಳಿ ಮೊದಲು ಕೇಳುವುದು, ಅಲ್ಲಿ ಮಳೆ ಬಂತಾ ಅಂತ.