ಅನಂತಪುರದಿಂದ ಚಿಂಚಲಿಗೆ, ಎರಡು ಚರ್ಮದ ಚೀಲಗಳೊಂದಿಗೆ



ಗಂಡನ ಮೋಟಾರ್ ಸೈಕಲ್ಲಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕುಳಿತು, ತೊಡೆಯ ಮೇಲೊಂದು ಚೀಲ, ಹೆಗಲಿಗೊಂದು ಚೀಲ, ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಸೀಟಿನ ಹಿಡಿಕೆ - ಹೀಗೆ ಊರೂರು ತಿರುಗಿದವರು ನಿಮ್ಮಲ್ಲಿ ಎಷ್ಟು ಮಂದಿ ಇಲ್ಲ? ನಾನೂ ಇಪ್ಪತ್ತು ವರ್ಷ ಹಾಗೇ ತಿರುಗಿದವಳು. ನಮ್ಮ ಊರು ಬೆಳಗಾವಿ ಜಿಲ್ಲೆ ಅಥಣಿ ತಾಲೂಕಿನ ಅನಂತಪುರ. ಗಡಿಯ ಊರು. ಸಂತೆಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿ ಮರಾಠಿಯಲ್ಲಿ ಚೌಕಾಸಿ ಮಾಡುತ್ತೇವೆ. ನೆಂಟರು ಅರ್ಧ ಈಚೆ, ಅರ್ಧ ಆಚೆ ಮಹಾರಾಷ್ಟ್ರದಲ್ಲಿ. ಬೇಕಾದ ಹೊತ್ತಿಗೆ ಬಸ್ಸು ಸಿಗದಿದ್ದರೆ ಮನೆಯ ಗಾಡಿಯೇ ಗತಿ.

ನಮ್ಮ ಅಜ್ಜನ ಕಾಲದಲ್ಲಿ ಎತ್ತಿನ ಬೆನ್ನ ಮೇಲೆ ಹಸಿಬೆ ಚೀಲ ಹಾಕುತ್ತಿದ್ದರಂತೆ. ಎರಡು ಕಡೆಗೂ ಜೋತುಬೀಳುವ ಜೋಡಿ ಚೀಲ, ನಡುವೆ ಪಟ್ಟಿ. ಈಗ ಮೋಟಾರ್ ಸೈಕಲ್ಲಿಗೆ ಬರುವ ಸ್ಯಾಡಲ್ ಬ್ಯಾಗ್ ಅಂದರೂ ಅದೇ ಹಸಿಬೆಯೇ. ಬಕಲ್ಲು ಬಿಚ್ಚಿದರೆ ಕೈಗೆ ಬರುತ್ತದೆ, ಮನೆಯೊಳಗೆ ಒಯ್ಯಬಹುದು. ನನಗೂ ಅಂಥದೊಂದು ಜೋಡಿ ಬೇಕೆಂದು ಆಸೆಯಾಯಿತು. ಒಂದು ವರ್ಷ ಎಮ್ಮೆಯ ಹಾಲಿನ ದುಡ್ಡಿನಲ್ಲಿ ಅಷ್ಟಿಷ್ಟು ತೆಗೆದಿಟ್ಟು, ಮದಭಾವಿಯಲ್ಲಿ ಚಪ್ಪಲಿ ಮಾಡುವ ಒಂದು ಮನೆಯಲ್ಲಿ ಹೇಳಿ ಮಾಡಿಸಿದೆ. ಚಪ್ಪಲಿಯ ಚರ್ಮದ್ದೇ ಚೀಲ, ಬಾಯಿಗೆ ಹೆಣಿಗೆಯ ಅಂಚು, ಹೊಂಬಣ್ಣ. ಮನೆಗೆ ತಂದ ದಿನ ಮಕ್ಕಳಿಗೂ ಮುಟ್ಟಗೊಡಲಿಲ್ಲ. ನನ್ನ ಸ್ವಂತ ದುಡ್ಡಿನಲ್ಲಿ ನಾನು ಮಾಡಿಸಿದ ಮೊದಲನೆಯ ವಸ್ತು ಅದು.

ಮಾಯಕ್ಕನ ಜಾತ್ರೆಗೆ

ಮೊದಲ ಪ್ರಯಾಣ ಭಾರತ ಹುಣ್ಣಿಮೆಗೆ, ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ. ಎಡಗಡೆಯ ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಡಬ್ಬಿ. ಬಲಗಡೆಯದರಲ್ಲಿ ದೇವಿಗೆ ಖಣ, ತೆಂಗಿನಕಾಯಿ, ಭಂಡಾರ, ಹೊದೆಯಲು ಚಾದರ.

ಕಾಗವಾಡ ದಾಟಿ ಉಗಾರದ ಕಡೆ ತಿರುಗಿದರೆ ಇಕ್ಕೆಲಕ್ಕೂ ಕಬ್ಬು. ಆಗ ಸಕ್ಕರೆ ಕಾರ್ಖಾನೆಯ ಹಂಗಾಮು. ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್, ಅದರ ಮೈಯಿಂದ ಹೊರಗೆ ಚಾಚಿದ ಕಬ್ಬಿನ ಜಲ್ಲೆ. ಪಕ್ಕಕ್ಕೆ ಸರಿದರೆ ಜಾಲಿಕಂಟಿ. ಉಗಾರ-ಕುಡಚಿ ನಡುವೆ ಕೃಷ್ಣೆಯ ಸೇತುವೆಯ ಮೇಲೆ ಬಂದಾಗ ಮಾತ್ರ ತಂಪು ಗಾಳಿ. 2019ರ ಆಗಸ್ಟಿನಲ್ಲಿ ಇದೇ ನದಿ ಉಕ್ಕಿ ಹೊಲ ಮನೆ ಒಂದೂ ಬಿಡದೆ ನುಂಗಿತ್ತು. ಅವತ್ತು ನೋಡಿದರೆ ಏನೂ ಅರಿಯದವಳ ಹಾಗೆ ಹರಿಯುತ್ತಿದ್ದಳು. ಕುಡಚಿ ದಾಟಿದ ಮೇಲೆ ಎತ್ತಿನ ಗಾಡಿಗಳ ಸಾಲು. ಮಹಾರಾಷ್ಟ್ರದಿಂದ ಕುಟುಂಬ ಸಮೇತ ಗಾಡಿ ಕಟ್ಟಿಕೊಂಡು ಬರುವ ಭಕ್ತರು. ಕೊರಳ ಗೆಜ್ಜೆ, ಹಣೆಯ ಮೇಲೆ ಭಂಡಾರ. ಚಿಂಚಲಿಯಲ್ಲಿ ನೆಲವೇ ಅರಿಸಿನ ಬಳಿದುಕೊಂಡ ಹಾಗಿತ್ತು.

ಇಷ್ಟು ಚೆಂದದ ಪ್ರಯಾಣದಲ್ಲಿ ಒಂದು ಗಳಿಗೆ ಮಾತ್ರ ಈಗಲೂ ನೆನೆದರೆ ಎದೆ ನಡುಗುತ್ತದೆ. ಎಡಗಡೆಯ ಚೀಲ ಸರಿಯಾಗಿ ಕೂರಲಿ ಎಂದು ನಮ್ಮವರು ಹಿಂದಿನ ಚಕ್ರದ ಪಕ್ಕದ ಸೀರೆ ಜಾಲರಿಯನ್ನೇ ಬಿಚ್ಚಿ ಇಟ್ಟಿದ್ದರು. ನಾನೂ "ಹೂಂ" ಎಂದಿದ್ದೆ. ಸೇತುವೆಗೆ ಮುಂಚೆ ಚೀಲದ ಪಟ್ಟಿಯ ತುದಿ ಸಡಿಲಾಗಿ ಚಕ್ರಕ್ಕೆ ಬಡಿಯತೊಡಗಿತು. ಟಪ್ ಟಪ್ ಸದ್ದು ಕೇಳಿ ಬಗ್ಗಿ ನೋಡುತ್ತೇನೆ, ಪಟ್ಟಿಯ ಬದಿಗೇ ನನ್ನ ಸೀರೆಯ ನಿರಿಗೆ! "ನಿಲ್ಲಸ್ರೀ!" ಎಂದು ಕೂಗಿದೆ. ಗಾಡಿ ನಿಂತಿತು. ನಿರಿಗೆಯಲ್ಲಿ ಒಂದು ಅಂಗೈಯಷ್ಟು ಜಾಗ ಕರ್ರಗೆ ಉಜ್ಜಿ ಹೋಗಿತ್ತು. ಇನ್ನೊಂದು ಸುತ್ತು ತಿರುಗಿದ್ದರೆ ಏನಾಗುತ್ತಿತ್ತೋ, ಮಾಯಕ್ಕನಿಗೇ ಗೊತ್ತು.

ಆದ್ದರಿಂದ ಎಲ್ಲಕ್ಕಿಂತ ಮೊದಲು ಇದನ್ನು ಹೇಳಿಬಿಡುತ್ತೇನೆ. ಹಿಂದೆ ಕೂರುವವರ ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಾಗದಷ್ಟು ಭಾಗಕ್ಕೆ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಹಿಡಿಕೆ, ಕಾಲಿಡುವ ಮೆಟ್ಟು ಕೂಡ ಕಡ್ಡಾಯ. ಚೀಲಕ್ಕಾಗಿ ಜಾಲರಿ ಬಿಚ್ಚಬೇಡಿ. ಜಾಲರಿಯ ಮೇಲೆ ಕೂರುವಂಥ ಚೀಲ ಮಾಡಿಸಿ.

ಮನೆಗೆ ಬಂದು ಚೀಲ ಬಿಚ್ಚಿದಾಗ ಇನ್ನೊಂದು ಸಂಕಟ. ಎಡಗಡೆಯ ಚೀಲದ ಹೊರಮೈ ತುಂಬ ಗೀರು. ಅರ್ಧ ಕಬ್ಬಿನದು, ಇನ್ನರ್ಧ ನನ್ನದೇ ಹಿಮ್ಮಡಿಯದು, ಕಾಲುಂಗುರದ್ದು! ಒಳಮೈ, ಅಂದರೆ ಗಾಡಿಗೆ ತಾಗುವ ಬದಿ, ಮರಳು ಕಾಗದದಿಂದ ತಿಕ್ಕಿದ ಹಾಗೆ ಸವೆದಿತ್ತು. ಬಲಗಡೆಯದರ ಕೆಳಮೂಲೆ ಸೈಲೆನ್ಸರಿನ ಬಿಸಿಗೆ ಸೆಟೆದು ಕಪ್ಪಾಗಿತ್ತು. ದಣಿದಿದ್ದೆ, ಕಣ್ಣೀರೇ ಬಂತು. "ಚೀಲ ಅಂದಮ್ಯಾಲ ಸವೀತೈತಿ, ಅದಕ್ಯಾಕ ಅಳ್ತಿ?" ಎಂದರು ನಮ್ಮವರು. ಅವರಿಗೇನು ಗೊತ್ತು, ಹಾಲಿನ ಲೆಕ್ಕ ನನ್ನದು!

ಮದಭಾವಿಯ ಆಯಿ ಹೇಳಿದ್ದು

ಮರುವಾರವೇ ಮದಭಾವಿಗೆ ಹೋದೆವು. ಚೀಲ ಹೊಲಿದ ಮನೆಯ ಹಿರಿಯ ಹೆಂಗಸು ಜಗಲಿಯಲ್ಲಿ ಕುಳಿತು ಚಪ್ಪಲಿಯ ವೇಣಿ ಹೆಣೆಯುತ್ತಿದ್ದರು. ಅಥಣಿ, ನಿಪ್ಪಾಣಿಯ ಕಡೆ ಕೊಲ್ಹಾಪುರಿ ಚಪ್ಪಲಿಯಲ್ಲಿ ಹೆಣೆಯುವ, ಹೊಲಿಯುವ ನಾಜೂಕು ಕೆಲಸ ಬಹಳ ಮಟ್ಟಿಗೆ ಹೆಂಗಸರದೇ ಎಂಬುದು ನಿಮಗೆ ಗೊತ್ತೇ? ಮೊಳೆ ಇಲ್ಲದೆ ಚರ್ಮದ ದಾರದಲ್ಲೇ ಹೊಲಿಯುವುದು ಅದರ ಪದ್ಧತಿ. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿ ತೋರಿಸಿ, ಮೂಲದ ಹೆಸರು ಹೇಳದೆ ಟೀಕೆಗೆ ಗುರಿಯಾಗಿ, ಆಮೇಲೆ ಭಾರತದ ಕೈಕೆಲಸವೇ ಪ್ರೇರಣೆ ಎಂದು ಒಪ್ಪಿಕೊಂಡಿತು. ಆ ಕೈಕೆಲಸದ ಒಂದು ಜೋಡಿ ಕೈ ಇಲ್ಲಿ ನನ್ನೆದುರಿಗೇ ಇತ್ತು.

"ಬರ್ರಿ ಬಾಯಾರ," ಎಂದು ತಟ್ಟು ಹಾಸಿದರು. ಬಿಸಿಲಲ್ಲಿ ಬಂದವರಿಗೆ ನೀರು ಕೊಡಬೇಕೋ ಬೇಡವೋ ಎಂದು ಅವರು ಅನುಮಾನಿಸಿದ್ದು ನನಗೆ ತಿಳಿಯಿತು. ಏಕೆ ಅನುಮಾನಿಸಿದರೆಂಬುದೂ ತಿಳಿಯಿತು. ಅವರ ಕೈಯ ಚೀಲ ನಮ್ಮ ಮನೆಯೊಳಗೆ ಗೂಟಕ್ಕೆ ತೂಗಬಹುದು, ಅವರ ಕೈಯ ನೀರು ಬೇಡವೇ? "ಆಯಿ, ನೀರಡಿಕಿ ಆಗೇತಿ, ಒಂದು ತಂಬಿಗಿ ನೀರು ಕೊಡ್ರಿ," ಎಂದೆ. ಕುಡಿದೆ. ನಮ್ಮವರೂ ಕುಡಿದರು. ಅಲ್ಲಿಂದಾಚೆ ನಾನು "ಬಾಯಾರ" ಆಗಿರಲಿಲ್ಲ.

"ನೋಡ ಮಗಳ," ಎಂದು ಚೀಲ ತೊಡೆಯ ಮೇಲಿಟ್ಟುಕೊಂಡರು. "ಮ್ಯಾಲಿನ ಗೀರು ನೋಡಿ ಅಳಬ್ಯಾಡ. ಹೊಲಿಗಿ ನೋಡು. ಹೊಲಿಗಿ ಗಟ್ಟಿ ಇದ್ರ ಚೀಲ ಗಟ್ಟಿ. ತೊಗಲು ಅಂದ್ರ ನಮ್ಮ ಮೈ ತೊಗಲಿದ್ದಂಗ, ಬಿಸಲಾಗ ಒಣಗಿಸಿದ್ರ ಒಡೀತೈತಿ."

ಈ ಚರ್ಮವನ್ನು ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಮೇಲೆ ಬಣ್ಣದ ಪದರ ಇರುವುದಿಲ್ಲ. ಆದ್ದರಿಂದಲೇ ನೀರು ಬಿದ್ದರೆ ಕಲೆ, ಉಗುರು ತಾಗಿದರೆ ಗೀರು. ಆದರೆ ಅದೇ ಕಾರಣಕ್ಕೆ ಸಣ್ಣ ಗೀರು ಎಣ್ಣೆ ಕುಡಿದು ಮಾಯವೂ ಆಗುತ್ತದೆ. ಆಯಿ ಒಂದು ಹನಿ ಔಡಲ ಎಣ್ಣೆ ಹೆಬ್ಬೆರಳಿಗೆ ಹಚ್ಚಿ ಗೀರಿನ ಮೇಲೆ ತಿಕ್ಕಿದರು. ನನ್ನ ಕಣ್ಣೆದುರೇ ಅದು ಮಸುಕಾಗಿ ಮೈಗೆ ಕೂಡಿಕೊಂಡಿತು. ಆಳವಾದದ್ದು ಮಾತ್ರ ಉಳಿಯಿತು. ಸುಟ್ಟ ಮೂಲೆಗೆ ಒಂದು ತೇಪೆ ಹೊಲಿದರು. "ಸುಟ್ಟ ತೊಗಲು ಹೊಳ್ಳಿ ಬರಂಗಿಲ್ಲ," ಎಂದರು.

ಕೌದಿಯ ಗವಸಣಿಗೆ

ಅಂದಿನಿಂದ ನಾನು ಮಾಡುತ್ತಿರುವುದನ್ನು ಹೇಳುತ್ತೇನೆ. ನಿಮ್ಮ ಚೀಲ ಚರ್ಮದ್ದಿರಲಿ, ರೆಗ್ಜಿನ್ನಿನದಿರಲಿ, ಉಪಯೋಗವಾದೀತು.

ಚೀಲಕ್ಕೆ ಹಳೆಯ ಬಟ್ಟೆಯಲ್ಲಿ ಕೌದಿಯ ಹಾಗೆ ಒಂದು ಗವಸಣಿಗೆ ಹೊಲಿಯಿರಿ. ಹೊರಗೆ ಮಕ್ಕಳ ಹಳೆಯ ಜೀನ್ಸ್ ಪ್ಯಾಂಟಿನ ದಪ್ಪ ಬಟ್ಟೆ, ನಡುವೆ ಹರಿದ ಕಂಬಳಿಯ ತುಂಡು, ಒಳಗೆ ತೊಳೆದು ತೊಳೆದು ಮೆತ್ತಗಾದ ನೂಲಿನ ಸೀರೆ. ಚೀಲದ ಅಳತೆಗಿಂತ ಸುತ್ತಲೂ ಒಂದು ಇಂಚು ಹೆಚ್ಚಿಗೆ ಕತ್ತರಿಸಿ, ಎರಡು ಬೆರಳಿಗೊಂದು ಸಾಲು ಹೊಲಿಗೆ ಹಾಕಿ. ಕಾಲು ತಾಗುವ ಜಾಗಕ್ಕೆ ಇನ್ನೊಂದು ಪದರ ಬೇಕು. ಲಾಡಿಯನ್ನು ಗಿಡ್ಡಗೆ ಇಟ್ಟು, ಗಂಟು ಹಾಕಿದ ಮೇಲೆ ತುದಿಯನ್ನು ಒಳಗೆ ಸಿಕ್ಕಿಸಿ. ಜೋತಾಡುವ ತುದಿ ಎಂದರೆ ನನಗೆ ಈಗಲೂ ಭಯ. ಗವಸಣಿಗೆ ಪಕ್ಕದ ಸೂಚನಾ ದೀಪಕ್ಕೆ, ಹಿಂದಿನ ಕೆಂಪು ದೀಪಕ್ಕೆ, ನಂಬರ್ ಪಟ್ಟಿಗೆ ಅಡ್ಡ ಬರಬಾರದು.

ಸೈಲೆನ್ಸರಿನ ಕಡೆ ಬಟ್ಟೆ ಹಾಕಲೇಬೇಡಿ, ಹೊತ್ತಿಕೊಂಡೀತು. ಚೀಲಕ್ಕೂ ಸೈಲೆನ್ಸರಿಗೂ ಧಾರಾಳವಾಗಿ ಅಂತರ ಇರಲಿ. ನಾವು ಗ್ಯಾರೇಜಿನಲ್ಲಿ ಕಬ್ಬಿಣದ ಸರಳಿನ ಒಂದು ಚೌಕಟ್ಟು ಹಾಕಿಸಿ, ಚೀಲ ಅದಕ್ಕೆ ಒರಗುವ ಹಾಗೆ ಮಾಡಿಸಿದೆವು. ಭಾರ ತುಂಬಿದರೂ ಈಗ ಅದು ಒಳಕ್ಕೆ ಬಾಗುವುದಿಲ್ಲ.

ಚೀಲದ ಒಳಮೈ ಸವೆಯುವುದಕ್ಕೆ ಕಾರಣ ನಡುವೆ ಸಿಕ್ಕ ಧೂಳು. ನಮ್ಮ ಎರೆಮಣ್ಣಿನ ಧೂಳು, ರಸ್ತೆಯ ಗರಸಿನ ಪುಡಿ, ಗಾಡಿಯ ಅದುರುವಿಕೆ ಮೂರೂ ಸೇರಿದರೆ ಅರ ಹಾಕಿ ತಿಕ್ಕಿದಂತೆಯೇ. ಗಾಡಿಯ ಬಣ್ಣವೂ ಹೋಗುತ್ತದೆ. ಚೀಲ ತಾಗುವ ಜಾಗಕ್ಕೆ, ಬಕಲ್ಲಿನ ಕೆಳಗೆ, ಹಳೆಯ ಸೈಕಲ್ ಟ್ಯೂಬಿನ ತುಂಡು ಕಟ್ಟಿ. ಆದರೆ ಕಟ್ಟಿ ಮರೆಯಬೇಡಿ. ಟ್ಯೂಬಿನ ಕೆಳಗೆ ಧೂಳು ಕೂತರೆ ಅದೇ ಗೀರುತ್ತದೆ. ಗವಸಣಿಗೆಯೂ ಹಾಗೆಯೇ, ವಾರಕ್ಕೊಮ್ಮೆ ಜಾಡಿಸಿ ಒಗೆಯಬೇಕು. ಎರಡು ಚೀಲದ ಭಾರ ಸಮನಾಗಿರಲಿ, ಪಟ್ಟಿ ಬಿಗಿಯಾಗಿರಲಿ. ಅಲುಗಾಡದ ಚೀಲ ಸವೆಯುವುದು ಕಡಿಮೆ.

ರಾತ್ರಿ ಬಿಚ್ಚಿ ಒಳಗೆ ತರುವಾಗಲೇ ಹೆಚ್ಚಿನ ಗೀರು ಬೀಳುವುದು. ಭಾರದ ಚೀಲವನ್ನು ಕಟ್ಟೆಗೆ ಉಜ್ಜುತ್ತ ಎಳೆಯಬೇಡಿ. ಮೊದಲು ಸಾಮಾನು ತೆಗೆದು, ಆಮೇಲೆ ಬಕಲ್ಲು ಬಿಚ್ಚಿ, ಎರಡು ಕೈಯಲ್ಲಿ ಎತ್ತಿ. ಬಾಗಿಲಲ್ಲೇ ಧೂಳು ಝಾಡಿಸಿ, ಗೋಣಿತಟ್ಟಿನ ಮೇಲಿಡಿ, ಇಲ್ಲವೆ ಗೂಟಕ್ಕೆ ತೂಗುಹಾಕಿ.

ಚರ್ಮ ನೆನೆದರೆ ಒಣಬಟ್ಟೆಯಿಂದ ಒತ್ತಿ, ಒಳಗೆ ಹಳೆಯ ಪೇಪರು ತುಂಬಿ, ನೆರಳಲ್ಲಿ ಗಾಳಿಗೆ ಇಡಿ. ಒಲೆಯ ಹತ್ತಿರ ಬೇಡ. ಪೂರ್ತಿ ಒಣಗಿದ ಮೇಲೆ ಔಡಲ ಎಣ್ಣೆಯೋ ಕೊಬ್ಬರಿ ಎಣ್ಣೆಯೋ ತೆಳ್ಳಗೆ ಸವರಿ ಮರುದಿನ ಒರೆಸಿ. ಎಣ್ಣೆಯಿಂದ ಬಣ್ಣ ಕಂದುತ್ತದೆ, ಆದ್ದರಿಂದ ಮೊದಲು ಒಳಮೂಲೆಯಲ್ಲಿ ಹಚ್ಚಿ ನೋಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ರೆಗ್ಜಿನ್ನಿಗೆ ಸೀಮೆಎಣ್ಣೆ ಮುಟ್ಟಿಸಬೇಡಿ, ಸಾಬೂನು ನೀರು ಸಾಕು. ಕ್ಯಾನ್ವಾಸಿನ ಚೀಲವಾದರೆ ಹರಿಯುವ ಮುಂಚೆಯೇ ಮೂಲೆಗಳಿಗೆ ತೇಪೆ ಹಾಕಿ. ಪ್ಲಾಸ್ಟಿಕ್ ಪೆಟ್ಟಿಗೆ ಇದ್ದವರು ಧೂಳನ್ನು ಒಣಬಟ್ಟೆಯಲ್ಲಿ ಒರೆಸಬಾರದು. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಮೆತ್ತನೆಯ ಅರಿವೆ. ಪಾತ್ರೆ ತಿಕ್ಕುವ ನಾರು, ಪುಡಿ ಎರಡೂ ಬೇಡ.

ಮತ್ತೆ ಹೊರಟೆವು

ಗವಸಣಿಗೆ ತೊಡಿಸಿದ ಮೇಲೆ ಹೋದದ್ದು ಖಿದ್ರಾಪುರಕ್ಕೆ. ಗಡಿಯಾಚೆ ಕೃಷ್ಣೆಯ ದಡದಲ್ಲಿ ಕೋಪೇಶ್ವರನ ಕಲ್ಲಿನ ಗುಡಿ. ಅಲ್ಲಿಯ ಸ್ವರ್ಗಮಂಟಪಕ್ಕೆ ನಡುವೆ ಛಾವಣಿ ಇಲ್ಲ. ಕಂಬಗಳ ನಡುವೆ ನಿಂತು ಕತ್ತೆತ್ತಿದರೆ ದುಂಡಗೆ ಆಕಾಶ. ಶಿವನ ಗುಡಿಯಾದರೂ ಎದುರಿಗೆ ನಂದಿ ಇಲ್ಲ. ಆ ನಂದಿ ನಮ್ಮ ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿದ್ದಾನೆ ಎಂದು ಹಿರಿಯರು ಕತೆ ಹೇಳುತ್ತಾರೆ. ದೇವರು ಒಂದು ರಾಜ್ಯದಲ್ಲಿ, ನಂದಿ ಇನ್ನೊಂದರಲ್ಲಿ, ನಮ್ಮ ನೆಂಟರ ಹಾಗೆಯೇ! ಹೊಳೆಯ ದಂಡೆಯಲ್ಲಿ ಚೀಲ ಬಿಚ್ಚಿ ರೊಟ್ಟಿ ತಿಂದೆವು. ಜಾಲರಿ ತನ್ನ ಜಾಗದಲ್ಲಿತ್ತು, ನನ್ನ ಮನಸ್ಸೂ ನಿಶ್ಚಿಂತೆಯಿಂದ ಇತ್ತು.

ಬರುವಾಗ ಮದಭಾವಿಯಲ್ಲಿ ಇಳಿದು ಆಯಿಗೆ ಗವಸಣಿಗೆ ತೋರಿಸಿದೆ. ತಿರುವಿ ಮುರುವಿ ನೋಡಿ, "ಹೊಲಿಗಿ ಚಂದ ಹಾಕೀದಿ ಮಗಳ," ಎಂದರು. ಅವರ ಬಾಯಿಂದ ಬಂದ ಆ ಮಾತು ನನಗೆ ಬಹುಮಾನ ಸಿಕ್ಕಷ್ಟಾಯಿತು. ಆದರೆ ಅವರ ಕಣ್ಣು ಮಂಜಾಗುತ್ತಿದೆ, ಸೂಜಿ ಪೋಣಿಸಲು ಮೊಮ್ಮಗಳು ಬೇಕು. ಮೊಮ್ಮಗಳಿಗೆ ಈ ಕೆಲಸ ಬೇಡವಂತೆ. ಇನ್ನೊಂದು ಜೋಡಿ ಚೀಲ ಅವರ ಕೈಯಿಂದ ಬರಲಾರದು. ಹಾಗಾಗಿ ಇರುವುದನ್ನೇ ಜೋಪಾನ ಮಾಡುತ್ತಿದ್ದೇನೆ.

ನೀವೂ ಗಾಡಿ ಹತ್ತುವ ಮುಂಚೆ ಚೀಲದ ಪಟ್ಟಿಯನ್ನೊಮ್ಮೆ ಎಳೆದು ನೋಡಿ. ಹಾಗೆಯೇ ನಿಮ್ಮ ಸೆರಗು, ನಿರಿಗೆ ಎಲ್ಲಿವೆ ಎಂದೂ ನೋಡಿಕೊಳ್ಳಿ. ಆಮೇಲೆ "ಹೂಂ, ನಡೀರಿ" ಎನ್ನಿ.